ಮುಂದಿನ ಚಕ್ರದ ಬೀಗ

ಫೋರ್ ವೀಲ್ ಎಂದರೆ ನಾಲ್ಕು ಚಕ್ರವಿರುವ ಗಾಡಿ ಎಂದುಕೊಂಡವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತರಕಾರಿ ತಳ್ಳುಗಾಡಿಗೂ ನಾಲ್ಕು ಚಕ್ರವಿರುತ್ತದೆ. ಚಕ್ರ ಇರುವುದು ಬೇರೆ, ಚಕ್ರ ದುಡಿಯುವುದು ಬೇರೆ. ಮದುವೆಗೆ ಬಂದವರೆಲ್ಲ ಪಾತ್ರೆ ತೊಳೆಯುತ್ತಾರೆಯೇ? ನಮ್ಮ ಜೀಪಿನಲ್ಲಿ ಮಾಮೂಲಿಯಾಗಿ ದುಡಿಯುತ್ತಿದ್ದದ್ದು ಹಿಂದಿನ ಎರಡೇ ಚಕ್ರ, ಮುಂದಿನೆರಡು ಸುಮ್ಮನೆ ಜೊತೆಗೆ ಉರುಳಿಕೊಂಡು ಬರುತ್ತಿದ್ದವು. ಅವನ್ನೂ ಕೆಲಸಕ್ಕೆ ಹಚ್ಚಿದಾಗ ಮಾತ್ರ ಅದು ಫೋರ್ ವೀಲ್. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕಲಿಸಿದ್ದು ನನ್ನ ತಮ್ಮನಿಗೆ. ಬೈಗುಳ ಅವನಿಗೆ, ವಿದ್ಯೆ ನನಗೆ.

ನಮ್ಮೂರು ಶಿಡ್ಲಘಟ್ಟದಿಂದ ಬೆಟ್ಟದ ಕಡೆಗೆ. ಟಾರು ರಸ್ತೆ ಸಿಗಬೇಕಾದರೆ ಕೆರೆಯ ಹಿಂಭಾಗದ ಮಣ್ಣು ದಾರಿಯಲ್ಲಿ ಮೂರು ಮೈಲಿ ಬರಬೇಕಿತ್ತು. ಅಪ್ಪ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ರೇಷ್ಮೆಗೂಡಿನ ಚೀಲ ಶಿಡ್ಲಘಟ್ಟದ ಮಾರ್ಕೆಟ್ಟಿಗೆ, ಭಕ್ತರು ಕೈವಾರಕ್ಕೆ, ನಂದಿ ಕಡೆಯ ದ್ರಾಕ್ಷಿ ಸಿಕ್ಕರೆ ಅದೂ ಸರಿ. ಜೀಪು ಅಂದರೆ ಅಪ್ಪನಿಗೆ ಪ್ರಾಣ. ನಮ್ಮಮ್ಮ ಇದಿರಿಗೇ ಹೇಳುತ್ತಿದ್ದಳು, "ನಾನು ಕೆಮ್ಮಿದ್ರೆ ಕೇಳಲ್ಲ, ಅದು ಕೆಮ್ಮಿದ್ರೆ ಊಟ ಬಿಟ್ಟು ಓಡ್ತಾನೆ."

ಆ ಕಾಲದಲ್ಲಿ ಚಿಂತಾಮಣಿ, ಗೌರಿಬಿದನೂರು ಕಡೆಯ ಬಾಡಿಗೆ ಜೀಪಿನವರಿಗೆ ಒಂದು ಚಾಳಿಯಿತ್ತು. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಕಬ್ಬಿಣದ ಶಾಫ್ಟನ್ನೇ ಬಿಚ್ಚಿ ಅಟ್ಟದ ಮೇಲೆ ಹಾಕಿಬಿಡುತ್ತಿದ್ದರು. ಡೀಸೆಲ್ ಉಳಿಯುತ್ತದೆ ಎಂದು. ಫೋರ್ ವೀಲಿನ ಲಿವರು ಮಾತ್ರ ಸುಮ್ಮನೆ ನೆಟ್ಟಗೆ ನಿಂತಿರುತ್ತಿತ್ತು, ಎಳೆದರೆ ಏನೂ ಆಗದು. ಅಪ್ಪನಿಗೆ ಅದನ್ನು ಕಂಡರೆ ಅಸಹ್ಯ. "ಥೂ, ಕಾಲು ಕಡಿದು ಕುದುರೆ ಸಾಕ್ತಾರಂತೆ!" ಎನ್ನುತ್ತಿದ್ದ. ಅವನು ಬೆಂಗಳೂರಿನ ಗುಜರಿ ಬೀದಿಗೆ ಎರಡು ಸಲ ಓಡಾಡಿ ಒಂದು ಜೊತೆ ಹಬ್ ತಂದು ಹಾಕಿಸಿದ. ಹಬ್ ಎಂದರೆ ಮುಂದಿನ ಚಕ್ರದ ನಟ್ಟನಡುವೆ ಕೂರುವ, ಚೊಂಬಿನ ಮುಚ್ಚಳದಷ್ಟಿರುವ ಒಂದು ಬೀಗ. ಅದರ ನಡುವೆ ಕೈಯಲ್ಲಿ ತಿರುಗಿಸುವ ಬಿಲ್ಲೆ, ಬಿಲ್ಲೆಯ ಮೇಲೊಂದು ಬಾಣದ ಗುರುತು. ಬಾಣ ಒಂದು ಕಡೆ ಇದ್ದರೆ ಫ್ರೀ: ಚಕ್ರ ತನ್ನ ಪಾಡಿಗೆ ತಾನು ಉರುಳುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಲಾಕ್: ಚಕ್ರ ಒಳಗಿನ ಅಚ್ಚಿಗೆ ಕಚ್ಚಿಕೊಂಡು ದುಡಿಮೆಗೆ ನಿಲ್ಲುತ್ತದೆ.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಅಂಗಳದಲ್ಲಿ ತಮ್ಮನಿಗೆ ಪಾಠ. ಅವನಿಗಾಗ ಇಪ್ಪತ್ತೆರಡು, ನನಗೆ ಇಪ್ಪತ್ತನಾಲ್ಕು. ನಾನು ಹಿಂದಿನ ಸೀಟಿನಲ್ಲಿ ಬುತ್ತಿ ಹಿಡಿದುಕೊಂಡು ಕೂತಿರುತ್ತಿದ್ದೆ. ಗೇರಿನ ಪಕ್ಕದಲ್ಲಿ ಎರಡು ಗಿಡ್ಡ ಲಿವರು. ಒಂದು ಮುಂದಿನ ಚಕ್ರಗಳನ್ನು ಸೇರಿಸುವುದು. ಇನ್ನೊಂದು ಹೈ, ಲೋ ಎಂದು ಬದಲಿಸುವುದು. ಲೋ ಹಾಕಿದರೆ ಗಾಡಿ ಆಮೆಯ ಹಾಗೆ ಹೋಗುತ್ತದೆ, ಆದರೆ ಬಂಡೆಯನ್ನಾದರೂ ಎಳೆಯುವ ಬಲ ಬರುತ್ತದೆ. ತಮ್ಮ ಕೂತಲ್ಲಿಂದಲೇ ಲಿವರು ಎಳೆದರೆ ಅಪ್ಪ ತಲೆಗೆ ಮೊಟಕುತ್ತಿದ್ದ.

"ಲೋ, ಇಳಿಯೋ ಕೆಳಕ್ಕೆ! ಕೂತ್ಕಂಡೇ ಫೋರ್ ವೀಲ್ ಹಾಕ್ತಾನಂತೆ ದೊರೆ. ಮೊದ್ಲು ಎರಡೂ ಕಡೆ ಹಬ್ ತಿರುಗಿಸು. ಒಂದು ಬಿಟ್ಟು ಒಂದು ಹಾಕಿದ್ಯೋ, ಶಕ್ತಿಯೆಲ್ಲಾ ಬಿಟ್ಟಿರೋ ಕಡೆ ಓಡಿಹೋಗಿ ಸುಮ್ನೆ ಒಳಗೇ ಗಿರಗಿರ ತಿರುಗ್ತದೆ. ಹಾಕಿರೋ ಚಕ್ರಾನೂ ದುಡಿಯಲ್ಲ. ಎರಡೂ ಹಾಕು, ಆಮೇಲೆ ಲಿವರು ಎಳಿ. ಲೋ ಬೇಕಾದ್ರೆ ಗಾಡಿ ಪೂರ್ತಿ ನಿಲ್ಲಿಸ್ಬೇಕು, ಗೊತ್ತಾಯ್ತಾ?"

"ಆಯ್ತಪ್ಪ."

"ಟಾರು ಮೇಲೆ?"

"ಹಾಕಬಾರದು."

"ಯಾಕೆ?"

ನಾನು ಹಿಂದಿನಿಂದ ಪಟ್ಟನೆ ಹೇಳುತ್ತಿದ್ದೆ. ತಿರುವಿನಲ್ಲಿ ಒಳಗಿನ ಎತ್ತು ಕಡಿಮೆ ನಡೆಯುತ್ತದೆ, ಹೊರಗಿನದು ಹೆಚ್ಚು ನಡೆಯುತ್ತದೆ. ಎರಡರ ಕಾಲನ್ನೂ ಸೇರಿಸಿ ಕಟ್ಟಿದರೆ ಬೀಳುತ್ತವೆ. ಗಾಡಿ ತಿರುಗುವಾಗ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಾಗೆಯೇ ನಡಿಗೆಯಲ್ಲಿ ವ್ಯತ್ಯಾಸ. ಮಣ್ಣಿನಲ್ಲಿ ಚಕ್ರ ಒಂಚೂರು ಜಾರಿ ಸರಿಮಾಡಿಕೊಳ್ಳುತ್ತದೆ, ಟಾರು ಜಾರಲು ಬಿಡುವುದಿಲ್ಲ, ಜಗಳವೆಲ್ಲ ಹೋಗಿ ಗೇರ್ ಬಾಕ್ಸಿನ ಹೊಟ್ಟೆಯಲ್ಲಿ ಕೂರುತ್ತದೆ. ಇದು ಅಪ್ಪನದೇ ಮಾತು, ನಾನು ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ. ಅಪ್ಪ ತೊಡೆ ತಟ್ಟಿ ನಗುತ್ತಿದ್ದ. "ನೋಡೋ! ಇವಳು ಗಂಡಾಗಿ ಹುಟ್ಟಿದ್ರೆ ಜೀಪು ಕೊಟ್ಟು ಕಾಲು ಚಾಚ್ಕಂಡು ಮಲಗ್ತಿದ್ದೆ."

ಆ ಮಾತು ಕೇಳಲು ನನಗೆ ಎಷ್ಟು ಹಿತವಾಗಿರುತ್ತಿತ್ತು! ತಮ್ಮನ ಮುಖ ಏನಾಗುತ್ತಿತ್ತು ಎಂದು ನಾನು ನೋಡಲು ಹೋಗಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಒಂದು ದಿನ ಕೀಲಿ ಕೈಗೆ ಕೊಟ್ಟು, "ಹೋಗಿ ಬಾ, ನೀನು ಡ್ರೈವರು ಕಣೋ" ಅನ್ನಬೇಕು. ಲೈಸೆನ್ಸ್ ಬಂದು ಒಂದು ವರ್ಷವಾದರೂ ಅಪ್ಪ ಅವನನ್ನು ಒಬ್ಬನೇ ಬಿಟ್ಟಿರಲಿಲ್ಲ. ಬಿಟ್ಟ ಒಂದೇ ದಿನ ಅವನು ಕೆರೆ ದಾರಿ ದಾಟಲು ಹಾಕಿದ ಫೋರ್ ವೀಲನ್ನು ತೆಗೆಯದೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನವರೆಗೂ ಟಾರಿನ ಮೇಲೆ ಓಡಿಸಿಬಿಟ್ಟ. ಲಿವರು ಕಚ್ಚಿಕೊಂಡಿತು. ಅಪ್ಪ ಬಸ್ಸಿನಲ್ಲಿ ಹೋಗಿ, ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ಬಿಟ್ಟು ಲಿವರು ಬಿಡಿಸಿ, ಹೂವಿನವಳು, ಸೋಡಾ ಅಂಗಡಿಯವನು, ಎಲ್ಲರೂ ನೋಡುತ್ತಿದ್ದಂತೆ ಮಗನ ಕೆನ್ನೆಗೆ ಬಾರಿಸಿದ.

ಅದಾದ ವರ್ಷದ ಆಯುಧಪೂಜೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ಹಬ್ಬಕ್ಕೆ ಹೊಸ್ತಿಲಿಗೆ ಎನಾಮಲ್ ಬಣ್ಣ ಹೊಡೆಯುವುದು ರೂಢಿ. ಹಳದಿ ಬಳಿದು, ಅದರ ಮೇಲೆ ಕೆಂಪಿನಲ್ಲಿ ಹೂವು, ಬಳ್ಳಿ. ನನ್ನ ಕೈಯ ಚಿತ್ತಾರಕ್ಕೆ ಊರಲ್ಲೇ ಹೆಸರಿತ್ತು, ನಾಲ್ಕು ಮನೆಯವರು ಕರೆದು ಬರೆಸಿಕೊಳ್ಳುತ್ತಿದ್ದರು. ಆ ಸಲ ಡಬ್ಬದಲ್ಲಿ ಬಣ್ಣ ಮಿಕ್ಕಿತು. ಜೀಪು ತೊಳೆದು ನಿಲ್ಲಿಸಿದ್ದರು. ಬರೀ ಅರಿಶಿನ ಕುಂಕುಮದಲ್ಲಿ ಏನು ಶೋಭೆ ಎಂದುಕೊಂಡು ಮುಂದಿನ ಚಕ್ರಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಹಬ್ಬಿನ ಮೇಲೆ ಹಳದಿ ಬಳಿದು ಎಂಟೆಂಟು ದಳದ ಕೆಂಪು ಕಮಲ ಬರೆದೆ. ಬಲಗಡೆಯದು ಮೊದಲ ಸಲ ಸರಿಬರಲಿಲ್ಲ. ಅದರ ಮೇಲೆಯೇ ಇನ್ನೊಂದು ಕೈ, ಮತ್ತೊಂದು ಕೈ ಹೊಡೆದೆ. ಬಿಲ್ಲೆಯೂ ಬಾಣವೂ ಸಂದುಗಳೂ ಎಲ್ಲ ಕಮಲದಡಿ ಮುಚ್ಚಿಹೋದವು. ಪಾಠವನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಿದ್ದ ನನಗೆ ಅದು ತಿರುಗಬೇಕಾದ ವಸ್ತು ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಪೂಜೆಗೆ ಬಂದವರಿಗೆಲ್ಲ ಅಪ್ಪ, "ನಮ್ಮ ಹುಡುಗಿ ಬರ್ದಿದ್ದು" ಎಂದು ತೋರಿಸಿದ. ಮಳೆಗಾಲ ಮುಗಿಯಿತು ಎಂಬ ಲೆಕ್ಕದಲ್ಲಿ ಅವನಿಗೂ ಫೋರ್ ವೀಲಿನ ನೆನಪಿರಲಿಲ್ಲ.

ಮಳೆ ಮುಗಿದಿರಲಿಲ್ಲ. ಹಬ್ಬವಾದ ನಾಲ್ಕನೆಯ ದಿನ ಶುರುವಾಗಿ ಎರಡು ದಿನ ಬಿಡದೆ ಹೊಡೆಯಿತು. ಅಮ್ಮ ಗೌರಿಬಿದನೂರಿನ ತವರಿಗೆ ಹೋಗಿದ್ದಳು. ಮೂರನೆಯ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂತು. ಅಪ್ಪ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದವನು ಕೈಯಲ್ಲಿದ್ದ ಚೊಂಬು ಬಿಟ್ಟು ಬಚ್ಚಲ ಕಲ್ಲಿನ ಮೇಲೆ ಕುಸಿದ. ಬಲಗೈ ಬಲಗಾಲು ಬಿದ್ದುಹೋಗಿತ್ತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಪಕ್ಕದ ಮನೆಯ ಅಜ್ಜಿ ಎದೆ ಬಡಿದುಕೊಂಡಳು. "ಅಯ್ಯೋ ದೇವುಡಾ, ಲಕ್ವ ಕಣಮ್ಮ! ಚಿಕ್ಕಬಳ್ಳಾಪುರಕ್ಕೆ ಎತ್ಕಂಡು ಓಡ್ರಿ!"

ಅಕ್ಕಪಕ್ಕದವರು ಎತ್ತಿ ಜೀಪಿನ ಹಿಂದೆ ಮಲಗಿಸಿದರು. ಅಪ್ಪನ ತಲೆ ನನ್ನ ತೊಡೆಯ ಮೇಲೆ. ತಮ್ಮ ಸ್ಟೇರಿಂಗ್ ಹಿಡಿದ. ಅವನ ಕತ್ತಿನ ನರ ಉಬ್ಬಿದ್ದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅಪ್ಪನ ಜೀವ, ಅಪ್ಪನ ಜೀಪು, ಎರಡೂ ಅವತ್ತು ಅವನ ಕೈಗೆ ಬಂದಿದ್ದವು.

ಕೆರೆಯ ಹಿಂದಿನ ತಗ್ಗಿನಲ್ಲಿ ಜೇಡಿಮಣ್ಣು ಕಲಸಿದ ಹಿಟ್ಟಿನ ಹಾಗಾಗಿತ್ತು. ಅಲ್ಲಿಗೆ ಬರುವ ಮೊದಲೇ ಇಳಿದು ಹಬ್ ಹಾಕಬೇಕಿತ್ತು. ಗಾಬರಿಯಲ್ಲಿ ಅವನೂ ಮರೆತ, ನಾನೂ ಮರೆತೆ. ಹಿಂದಿನ ಚಕ್ರ ಒಂದೇ ಸಮನೆ ಸುತ್ತಿ ಅಚ್ಚಿನವರೆಗೆ ಹೂತುಕೊಂಡಿತು. ತಕ್ಷಣ ಅವನು ಕೆಳಗೆ ಹಾರಿದ. ಮುಂದಿನ ಚಕ್ರಗಳೂ ಅರ್ಧ ಮುಳುಗಿದ್ದವು, ಹಬ್ಬುಗಳು ಕೆಸರಿನೊಳಗೆ. ಮೊಣಕಾಲೂರಿ, ಮೊಣಕೈವರೆಗೆ ಕೆಸರಲ್ಲಿ ಕೈ ಹಾಕಿ ತಡಕಾಡಿ, ಎಡಗಡೆಯದನ್ನು ಕಟಕ್ಕೆಂದು ತಿರುಗಿಸಿದ. ಬಲಗಡೆಗೆ ಬಂದ. ನಾನು ಎಲ್ಲವನ್ನೂ ನೋಡುತ್ತಿದ್ದೆ. ಹಲ್ಲು ಕಚ್ಚಿ ಹಿಂಡಿದ, ಇಕ್ಕಳ ತಂದು ಹಿಂಡಿದ.

"ಅಕ್ಕಾ, ಇದು ತಿರುಗ್ತಿಲ್ಲ."

"ತಿರುಗ್ತಿಲ್ಲ ಅಂದ್ರೆ ಆಗ್ಲೇ ಲಾಕಲ್ಲಿದೆ ಅಂತ ಕಣೋ! ಹತ್ತು, ಗಾಡಿ ತೆಗಿ!" ನಾನು ಕಿರುಚಿದೆ. ಎಲ್ಲ ಬಲ್ಲವಳಲ್ಲವೇ ನಾನು.

ಅವನು ನನ್ನ ಮಾತು ನಂಬಿ ಹತ್ತಿದ. ಲಿವರು ಎಳೆದ, ಲೋ ಹಾಕಿದ. ಎಂಜಿನ್ ಅರಚಿತು. ಮುಂದಿನ ಚಕ್ರಗಳು ಒಂದಿಂಚು ಅಲುಗಲಿಲ್ಲ. ಹಿಂದಿನವು ಇನ್ನೂ ಆಳಕ್ಕೆ ಹೋದವು. ಅಪ್ಪ ಎಡಗೈಯಿಂದ ನನ್ನ ಸೆರಗು ಎಳೆದು ಏನೋ ಹೇಳಲು ಹೆಣಗಿದ, ಬಾಯಿಂದ ಬರೀ ಜೊಲ್ಲು ಬಂತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದವನೊಬ್ಬ ಹೊರೆ ಎಸೆದು ಊರಿಗೆ ಓಡಿದ. ಎತ್ತು ಬಂದು ಜೀಪನ್ನು ಎಳೆದು ಟಾರಿಗೆ ಹತ್ತಿಸುವಷ್ಟರಲ್ಲಿ ಎರಡು ಗಂಟೆ ಹೊತ್ತು ಕಳೆದುಹೋಗಿತ್ತು.

ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, "ಸ್ವಲ್ಪ ಬೇಗ ತರಬೇಕಿತ್ತು" ಎಂದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು ಅದು. ಆ ಕಾಯಿಲೆಗೆ ಆಗ ನಮ್ಮ ಕಡೆ ಇದ್ದ ಔಷಧಿಗೆ ಎರಡು ಗಂಟೆ ಬೇಗ ತಂದಿದ್ದರೂ ಅಷ್ಟೇ, ತಡವಾದರೂ ಅಷ್ಟೇ ಎಂದು ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ಡಾಕ್ಟರು ಹೇಳಿದರು. ಆದರೆ ಅವತ್ತು ಆ ಮಾತು ಮಂಚದ ಪಕ್ಕದಲ್ಲಿ ಬಿತ್ತು, ಅಪ್ಪನ ಕಿವಿಗೂ ಬಿತ್ತು.

ಬಟ್ಟೆಬರೆ ತರಲು ನಾನು ಮಾರನೆಯ ದಿನ ಊರಿಗೆ ಹೋದೆ. ತಮ್ಮ ಮತ್ತೆ ಎತ್ತು ಕಟ್ಟಿಸಿ ತಗ್ಗು ದಾಟಿಸಿ ಜೀಪನ್ನು ಮನೆ ಮುಂದೆ ನಿಲ್ಲಿಸಿ ಔಷಧಿ ಚೀಟಿ ಹಿಡಿದು ಬಸ್ಸಿನಲ್ಲಿ ವಾಪಸ್ಸು ಹೋಗಿದ್ದ. ಕೆಸರು ಒಣಗಿ ಉದುರುತ್ತಿತ್ತು. ಬಲಗಡೆ ಹಬ್ಬಿನ ಮೇಲಿನ ಕೆಸರನ್ನು ಕೈಯಲ್ಲಿ ಒರೆಸಿದೆ. ಕೆಂಪು ಕಮಲ ಹಾಗೇ ಇತ್ತು. ಬಿಲ್ಲೆ ಹಿಡಿದು ತಿರುಗಿಸಿ ನೋಡಿದೆ. ಕಲ್ಲಿನ ಹಾಗೆ ಕೂತಿತ್ತು. ಆಗ ಗೊತ್ತಾಯಿತು. ಮೂರು ಕೈ ಎನಾಮಲ್ ಸಂದಿಗೆ ಇಳಿದು ಗಟ್ಟಿಯಾಗಿ ಬಿಲ್ಲೆಯನ್ನು ಫ್ರೀಯಲ್ಲೇ ಹಿಡಿದುಬಿಟ್ಟಿತ್ತು. ಅಲ್ಲಿಂದ ಎದ್ದು ಹೋಗಿ ನಾಲ್ಕು ಜನರನ್ನು ಕರೆದು, ನೋಡಿ, ಇದು ನನ್ನ ಕೆಲಸ ಅನ್ನಬೇಕಿತ್ತು. ನಾನು ಏನು ಮಾಡಿದೆ ಗೊತ್ತೇ? ಒಳಗಿಂದ ಸೀಮೆಎಣ್ಣೆ ಬಾಟಲು, ಹಳೆ ಬ್ಲೇಡು, ಚಿಂದಿ ಬಟ್ಟೆ ತಂದೆ. ಎರಡೂ ಕಮಲವನ್ನು ಕೆರೆದು, ಉಜ್ಜಿ, ಸಂದಿಗೆ ಸೀಮೆಎಣ್ಣೆ ಬಿಟ್ಟು, ಇಕ್ಕಳದಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿದೆ. ಕೊನೆಗೆ ಅದು ಎರಡು ಬೆರಳಿಗೆ ತಿರುಗುವಂತಾಯಿತು. ಕೇಳಿದವರಿಗೆ, ಕಾಯಿಲೆಯ ಮನೆಯಲ್ಲಿ ಬಣ್ಣ ಯಾಕೆ ಎಂದು ತೆಗೆದೆ ಅಂದೆ.

ತಮ್ಮ ಮೂರು ದಿನ ಬಿಟ್ಟು ಬಂದವನು ನೇರವಾಗಿ ಜೀಪಿನ ಬಳಿ ಹೋದ. ಬಲಗಡೆ ಹಬ್ಬಿಗೆ ಕೈ ಇಟ್ಟ. ಸಲೀಸಾಗಿ ತಿರುಗಿತು. ಮತ್ತೆ ಹಿಂದಕ್ಕೆ ತಿರುಗಿಸಿದ, ಮತ್ತೆ ಮುಂದಕ್ಕೆ. ಆಮೇಲೆ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಬರಲಿಲ್ಲ.

ಅಪ್ಪ ಬದುಕಿದ. ಒಂದು ತಿಂಗಳಿಗೆ ತೊದಲು ಮಾತು ಬಂತು, ಕೈಕಾಲು ಬರಲಿಲ್ಲ. ಮಾತು ಬಂದ ಮೇಲೆ ಮೊದಲು ಕೇಳಿದ್ದೇ ಅದು. ನಾನು ಗಂಜಿ ಕುಡಿಸುತ್ತಿದ್ದೆ, ತಮ್ಮ ಬಾಗಿಲಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದ.

"ಅವತ್ತು... ಇಳಿದ್ನಾ ಇವ್ನು? ಹಬ್... ಹಾಕಿದ್ನಾ?"

ಇಳಿದ ಅಪ್ಪ, ಕೆಸರಲ್ಲಿ ಕೈ ಹಾಕಿ ಒದ್ದಾಡಿದ ಎಂದರೆ, ಮತ್ಯಾಕೆ ಗಾಡಿ ಬರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅದರ ಹಿಂದೆ ಕಮಲ ಬರುತ್ತಿತ್ತು. ನನಗೆ ಅಪ್ಪನ ಮುದ್ದಿನ ಮಗಳಾಗಿಯೇ ಇರಬೇಕಿತ್ತು. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ, ಹುಡುಕಿ ಹುಡುಕಿ ಸಾಕಾಗಿದೆ.

"ನಾನು ನೋಡ್ಲಿಲ್ಲಪ್ಪ. ನಿನ್ನ ತಲೆ ಹಿಡ್ಕಂಡಿದ್ದೆ" ಅಂದೆ.

ತಮ್ಮ ನನ್ನ ಮುಖ ನೋಡಿದ. ಪಾತ್ರೆ ಕೆಳಗಿಟ್ಟು ಹೋದ. ಅಪ್ಪ ಗೋಡೆ ಕಡೆ ತಿರುಗಿ, "ಕೂತ್ಕಂಡೇ ಎಳ್ದಿದಾನೆ" ಅಂದ.

ಮಗನ ಕೈಗೆ ಬೇಡವೆಂದು ಜೀಪನ್ನು ಚಿಂತಾಮಣಿಯವರಿಗೆ ಮಾರಿಸಿದ, ಮಲಗಿದಲ್ಲಿಂದಲೇ ಎಡಗೈ ಹೆಬ್ಬೆಟ್ಟು ಒತ್ತಿ. ತಮ್ಮ ಶಿಡ್ಲಘಟ್ಟದಲ್ಲಿ ಒಬ್ಬ ಸಾಹೇಬರ ರೇಷ್ಮೆ ಬಿಚ್ಚಾಣಿಕೆಗೆ ಕೆಲಸಕ್ಕೆ ಸೇರಿದ. ಕುದಿಯುವ ನೀರಿನಲ್ಲಿ ಗೂಡು ಬಿಡಿಸಿ ಬಿಡಿಸಿ ಅವನ ಬೆರಳುಗಳ ಚರ್ಮ ಬಿಳಚಿಕೊಂಡು ಸುಲಿದಿರುತ್ತಿತ್ತು. ಸಾಹೇಬರು ಗೂಡು ತರುವ ವ್ಯಾನನ್ನು ಓಡಿಸಲು ಅವನನ್ನು ಕರೆದರು. "ನಂಗೆ ಡ್ರೈವಿಂಗ್ ಬರಲ್ಲ ಸಾಬ್" ಎಂದನಂತೆ. ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ. ಅಮ್ಮನ ಕೈಯಲ್ಲಿ ಆಗದೆ, ಏಳು ವರ್ಷ ಅಪ್ಪನನ್ನು ಎತ್ತಿ ಕೂರಿಸಿದ್ದು, ಸ್ನಾನ ಮಾಡಿಸಿದ್ದು, ಹೊಲಸು ತೆಗೆದದ್ದು ಎಲ್ಲ ತಮ್ಮನೇ. ನಾನು ತಿಂಗಳಿಗೊಮ್ಮೆ ಮೂಸಂಬಿ ಹಿಡಿದು ಹೋಗುತ್ತಿದ್ದೆ. ನನ್ನನ್ನು ಕಂಡರೆ ಅಪ್ಪನ ಮುಖ ಅರಳುತ್ತಿತ್ತು. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ಇವತ್ತು ಬೇಡ, ಮುದುಕ ನಗುತ್ತಿದ್ದಾನೆ ಎಂದುಕೊಂಡು ವಾಪಸ್ಸಿನ ಬಸ್ಸು ಹತ್ತುತ್ತಿದ್ದೆ.

ಅಪ್ಪ ಹೋದ. ತಿಥಿಯ ಮಾರನೆಯ ದಿನ ನೆಂಟರೆಲ್ಲ ಹೊರಟಿದ್ದರು. ತಮ್ಮ ಹಿತ್ತಲಲ್ಲಿ ಶಾಮಿಯಾನದ ಹಗ್ಗ ಸುತ್ತುತ್ತಿದ್ದ. ನಾನು ಹೋಗಿ ಎದುರಿಗೆ ನಿಂತು, ಉಸಿರು ಬಿಡದೆ, ಬಣ್ಣದ್ದು, ಸೀಮೆಎಣ್ಣೆಯದ್ದು, ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಕಾದೆ. ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿದ.

"ನೀನು ನೋಡ್ಲಿಲ್ಲ ಅಂದ್ಯಲ್ಲಕ್ಕ ಅವತ್ತು, ನನ್ನ ಮಾನ ಉಳಿಸಕ್ಕೆ ಸುಳ್ಳು ಹೇಳ್ತಿದ್ದೀಯ ಅಂದ್ಕಂಡೆ. ನಾನೇ ಸರಿಯಾಗಿ ತಿರುಗಿಸ್ಲಿಲ್ಲ, ನಿಂಗೆ ಗೊತ್ತಿದ್ದೂ ಮುಚ್ಚಾಕ್ತಿದ್ದೀಯ ಅಂತ. ಇಷ್ಟು ವರ್ಷ ನಿಂಗೆ ಋಣಿಯಾಗಿದ್ದೆ ಕಣಕ್ಕ."

ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತೆ.

"ಅಪ್ಪಂಗೆ ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ ಕಣೋ."

ಅವನು ಮತ್ತೆ ಹಗ್ಗ ಸುತ್ತತೊಡಗಿದ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ. "ಹೋಗೋಕೆ ಎರಡು ದಿನ ಮುಂಚೆ ಮತ್ತೆ ಕೇಳ್ದ. ನಿಜ ಹೇಳೋ, ಅವತ್ತು ಇಳಿದ್ಯಾ ಇಲ್ವಾ ಅಂತ. ಸಾಯೋ ಮನುಷ್ಯನ ಹತ್ರ ಇನ್ನೇನು ವಾದ, ಮುಗೀಲಿ ಅನ್ನಿಸ್ತು. ಇಲ್ಲಪ್ಪ, ಇಳಿಲಿಲ್ಲ, ತಪ್ಪಾಯ್ತು ಅಂದ್ಬಿಟ್ಟೆ."

"ಅದಕ್ಕೆ ಅಪ್ಪ ಏನಂದ?"

"ನಂಗೊತ್ತಿತ್ತು ಬಿಡು ಅಂದ."